ಜ್ವರದ ನಾಡಿನಲ್ಲಿ ಕೆಂಪಾದ ಕಣ್ಣು

ಸೊರಬ ತಾಲ್ಲೂಕಿನ ಕ್ಯಾಸನೂರು ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಸೇರಿ ಅರವತ್ತು ವರ್ಷ ದಾಟಿತು. 1957ರ ಮಾರ್ಚ್ ಹೊತ್ತಿಗೆ ಅಲ್ಲಿನ ಕಾಡಿನಲ್ಲಿ ಮಂಗ, ಮುಸಿಯಗಳು ಸತ್ತು ಬೀಳತೊಡಗಿದವು. ಅದರ ಹಿಂದೆಯೇ ದರಗು, ಸೌದೆಗೆಂದು ಕಾಡಿಗೆ ಹೋದವರು ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪತ್ತೆ ಮಾಡಿದ ಹೊಸ ವೈರಾಣುವಿಗೆ ಊರಿನ ಹೆಸರೇ ನಿಂತಿತು. ನಮ್ಮ ಕಡೆ ಅದು ಮಂಗನ ಕಾಯಿಲೆ.

ಮಂಗನ ಕಾಯಿಲೆ ಎಂದರೆ ನೆನಪಾಗುವುದು ತಲೆ ಸಿಡಿದುಹೋಗುವಂಥ ನೋವು, ಮೈಕೈ ಹಿಂಡುವ ಸಂಕಟ, ಮೂಗು ವಸಡುಗಳಿಂದ ರಕ್ತ. ಕಾಯಿಲೆ ಬಿದ್ದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿಯ ಜೀವ ಹೋಗುತ್ತದೆ ಎಂಬ ಲೆಕ್ಕ ಎದುರಿಗಿರುವಾಗ ಕಣ್ಣಿನ ಮಾತು ಯಾರು ಎತ್ತುತ್ತಾರೆ? ಆದರೆ ವೈದ್ಯರು ಬರೆದಿಟ್ಟ ವರದಿಗಳಲ್ಲಿ ಕಣ್ಣಿನ ಮಾತೂ ಇದೆ. ಜ್ವರದ ಮೊದಲ ದಿನಗಳಲ್ಲೇ ಕಣ್ಣು ಕೆಂಪಾಗುತ್ತದೆ, ಬೆಳಕು ಚುಚ್ಚುತ್ತದೆ. ಕೆಲವರಲ್ಲಿ ರೆಟಿನಾದ ಮೇಲೆ ರಕ್ತ ಒಸರಿದ್ದು, ಐರಿಸ್ ಎಂಬ ಬಣ್ಣದ ಪರದೆ ಊದಿಕೊಂಡದ್ದು, ಕಾರ್ನಿಯಾ ಮಬ್ಬಾದದ್ದು ದಾಖಲಾಗಿದೆ. ಕಾಯಿಲೆ ಬಿದ್ದವರಲ್ಲಿ ನೂರಕ್ಕೆ ಹತ್ತಿಪ್ಪತ್ತು ಮಂದಿಗೆ ಜ್ವರ ಇಳಿದು, ಮೂರನೇ ವಾರದ ಸುಮಾರಿಗೆ ಮತ್ತೆ ಏರುತ್ತದೆ ಎಂಬುದೂ ಗೊತ್ತಿರುವ ಸಂಗತಿ. ಆ ಹೊತ್ತಿಗೆ ರೋಗಿ ಆಸ್ಪತ್ರೆಯಿಂದ ಮನೆಗೆ ಬಂದಿರುತ್ತಾನೆ, ಆಸ್ಪತ್ರೆಯ ಕಡತದಲ್ಲಿ ‘ಗುಣವಾಗಿದೆ’ ಎಂದು ಬರೆದಾಗಿರುತ್ತದೆ.

ಈ ಲೇಖನ ಮಂಗನ ಕಾಯಿಲೆಯ ಬಗ್ಗೆ ಅಲ್ಲ. ಕಣ್ಣಿನ ಒಳಗಿನ ಉರಿಯೂತ, ಅಂದರೆ ವೈದ್ಯರು ಯುವಿಯೈಟಿಸ್ ಎನ್ನುವ ಕಾಯಿಲೆ, ಅದಕ್ಕೆ ತಜ್ಞರು ಯಾಕೆ ಬೇಕು, ಎಲ್ಲಿದ್ದಾರೆ, ನಮ್ಮಂಥ ಊರಿನವರು ಅವರನ್ನು ತಲುಪುವುದು ಹೇಗೆ ಎಂಬುದರ ಬಗ್ಗೆ. ಆದರೆ ಮಲೆನಾಡಿನಲ್ಲಿ ಈ ಪ್ರಶ್ನೆಯನ್ನು ಜ್ವರದಿಂದ ಬಿಡಿಸಿ ನೋಡಲಿಕ್ಕೆ ಆಗುವುದಿಲ್ಲ.

ಕಣ್ಣುಗುಡ್ಡೆಯ ಬಿಳಿ ಗೋಡೆಯ ಒಳಮಗ್ಗುಲಿಗೆ ರಕ್ತನಾಳಗಳು ತುಂಬಿದ ಒಂದು ಪದರವಿದೆ. ಮುಂದೆ ಐರಿಸ್, ನಡುವೆ ಕಣ್ಣಿನೊಳಗಿನ ತಿಳಿನೀರು ತಯಾರಾಗುವ ಭಾಗ, ಹಿಂದೆ ರೆಟಿನಾಕ್ಕೆ ರಕ್ತ ಒದಗಿಸುವ ಹಾಸು. ಮೂರೂ ಸೇರಿ ಯುವಿಯಾ. ರಕ್ತ ಹೆಚ್ಚಾಗಿ ಹರಿಯುವ ಜಾಗವಾದ್ದರಿಂದ ಮೈಯಲ್ಲಿ ಎಲ್ಲೋ ನಡೆಯುವ ಜಗಳ ಇಲ್ಲಿಗೂ ಬರುತ್ತದೆ. ಸೋಂಕು ನೇರವಾಗಿ ಒಳಹೊಕ್ಕಿರಬಹುದು, ಸೋಂಕಿನ ವಿರುದ್ಧ ಎದ್ದ ರೋಗನಿರೋಧಕ ಶಕ್ತಿಯೇ ದಿಕ್ಕುತಪ್ಪಿರಬಹುದು, ಅಥವಾ ಸೋಂಕೇ ಇಲ್ಲದೆ ಮೈ ತನ್ನ ಮೇಲೆ ತಾನೇ ತಿರುಗಿಬಿದ್ದಿರಬಹುದು. ಹೊರಗಿನಿಂದ ನೋಡಿದರೆ ಮೂರೂ ಒಂದೇ ತರಹ ಕಾಣುತ್ತವೆ. ಔಷಧ ಮಾತ್ರ ಒಂದಕ್ಕೊಂದು ವಿರುದ್ಧ. ಸೋಂಕಿಗೆ ಅದನ್ನು ಕೊಲ್ಲುವ ಮದ್ದು ಬೇಕು, ದಾರಿತಪ್ಪಿದ ರೋಗನಿರೋಧಕ ಶಕ್ತಿಗೆ ಅದನ್ನು ತಗ್ಗಿಸುವ ಮದ್ದು ಬೇಕು. ಒಂದರ ಮದ್ದು ಇನ್ನೊಂದಕ್ಕೆ ಬಿದ್ದರೆ ಕಣ್ಣು ಹೋಗಬಹುದು. ತಜ್ಞರು ಬೇಕೆನ್ನುವುದಕ್ಕೆ ಮೂಲ ಕಾರಣ ಇದು.

ಆದರೆ ಕಣ್ಣು ಕೆಂಪಾದ ಕೂಡಲೇ ನಾವು ಮಾಡುವುದು ಬೇರೆ. ‘ಮದ್ರಾಸ್ ಐ ಇರ್ಬೇಕು ಬಿಡು’ ಎನ್ನುತ್ತೇವೆ. ಅಜ್ಜಿ ನಂದಿಬಟ್ಟಲು ಹೂವಿನ ರಸ ಹಿಂಡುತ್ತಾಳೆ, ಇಲ್ಲವೇ ಬಾಣಂತಿಯ ಹಾಲಿನ ಎರಡು ಹನಿ ಬೀಳುತ್ತದೆ. ಅದು ಮುಗಿದ ಮೇಲೆ ಮೆಡಿಕಲ್ ಶಾಪಿಗೆ ಹೋಗಿ ‘ಕಣ್ಣಿಗೆ ಡ್ರಾಪ್ಸ್ ಕೊಡಿ’ ಎಂದು ಕೈ ಚಾಚುತ್ತೇವೆ. ಆ ಪುಟ್ಟ ಬಾಟಲಿಯಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡೇ ದಿನಕ್ಕೆ ಕೆಂಪು ಇಳಿಯುತ್ತದೆ, ಅಂಗಡಿಯವನು ಒಳ್ಳೆಯವನಾಗುತ್ತಾನೆ. ಒಳಗೆ ಹರ್ಪಿಸ್ ಸೋಂಕಿದ್ದರೆ ಅದೇ ಹನಿ ಆ ಸೋಂಕು ಕಾರ್ನಿಯಾವನ್ನು ತಿನ್ನಲು ಬಿಡುತ್ತದೆ. ಏನೂ ಇಲ್ಲದಿದ್ದರೂ ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆ ಬೇಗ ಬೆಳೆಯಬಹುದು. ಸ್ಟೀರಾಯ್ಡ್ ಹನಿ ಕೆಟ್ಟದ್ದಲ್ಲ. ಯುವಿಯೈಟಿಸ್‌ಗೆ ಅದೇ ಮೊದಲ ಮದ್ದು. ಯಾರು ಕೊಟ್ಟರು, ಏನು ನೋಡಿ ಕೊಟ್ಟರು ಎಂಬುದೇ ಪ್ರಶ್ನೆ.

ಮದ್ರಾಸ್ ಐಗೂ ಇದಕ್ಕೂ ಇರುವ ವ್ಯತ್ಯಾಸ ಮನೆಯಲ್ಲೇ ಒಂದಿಷ್ಟು ಗುರುತಿಸಬಹುದು. ಮದ್ರಾಸ್ ಐನಲ್ಲಿ ಪಿಸುರು ಬರುತ್ತದೆ, ಬೆಳಿಗ್ಗೆ ರೆಪ್ಪೆ ಅಂಟಿಕೊಳ್ಳುತ್ತದೆ, ಮನೆಯಲ್ಲಿ ಇನ್ನೊಬ್ಬರಿಗೂ ಹತ್ತುತ್ತದೆ, ದೃಷ್ಟಿ ಹಾಗೇ ಇರುತ್ತದೆ. ಯುವಿಯೈಟಿಸ್‌ನಲ್ಲಿ ಪಿಸುರಿಲ್ಲ. ಕರಿಗುಡ್ಡೆಯ ಸುತ್ತಲೇ ಕೆಂಪು ಗಾಢವಾಗಿರುತ್ತದೆ, ಅಂಗಳಕ್ಕೆ ಬಂದರೆ ಬಿಸಿಲು ತಾಳುವುದಿಲ್ಲ, ಕಣ್ಣಿನ ಆಳದಲ್ಲಿ ನೋವು, ನೋಟ ಮಂಜು. ಇಷ್ಟೆಲ್ಲ ಮುಂಭಾಗದ ಉರಿಯೂತದ ಮಾತು. ಹಿಂಭಾಗದ್ದಾದರೆ ಕಣ್ಣು ಕೆಂಪಾಗದೆಯೂ ಇರಬಹುದು, ನೋವೂ ಇರಲಿಕ್ಕಿಲ್ಲ. ಕಣ್ಣ ಮುಂದೆ ಕಪ್ಪು ಚುಕ್ಕೆಗಳು ತೇಲುತ್ತವೆ, ಅಕ್ಷರದ ನಡುವೆ ಒಂದು ತೂತು ಬಿದ್ದಂತಾಗುತ್ತದೆ. ಸಂಧಿವಾತವಿರುವ ಮಕ್ಕಳಲ್ಲಂತೂ ಇದು ಸದ್ದೇ ಮಾಡದೆ ಬರುತ್ತದೆ. ಮಂಡಿ ಊದಿದ ಮಗುವಿನ ಕಣ್ಣು ಬೆಳ್ಳಗೇ ಇರುತ್ತದೆ, ಒಳಗೆ ಪಾಪೆಯ ಅಂಚು ಲೆನ್ಸಿಗೆ ಅಂಟಿಕೊಂಡಾಗಿರುತ್ತದೆ. ಅಂಥ ಮಕ್ಕಳಿಗೆ ಕಣ್ಣಿನ ತೊಂದರೆ ಇರಲಿ ಬಿಡಲಿ, ಕೆಲವು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಲೇಬೇಕು.

ಪರೀಕ್ಷೆ ನಡೆಯುವುದು ಸ್ಲಿಟ್ ಲ್ಯಾಂಪ್ ಎಂಬ ಯಂತ್ರದ ಮುಂದೆ. ಸ್ವೀಡನ್ನಿನ ಆಲ್ವರ್ ಗುಲ್‌ಸ್ಟ್ರಾಂಡ್ 1911ರಲ್ಲಿ ಇದರ ಮೂಲ ರೂಪವನ್ನು ತೋರಿಸಿದರು. ಕಣ್ಣಿನ ಬೆಳಕಿನ ಶಾಸ್ತ್ರಕ್ಕಾಗಿ ಅದೇ ವರ್ಷ ನೊಬೆಲ್ ಪಡೆದವರು ಅವರು. ಗದ್ದ, ಹಣೆ ಊರಿ ಕುಳಿತರೆ ವೈದ್ಯರು ಕೋಣೆಯ ದೀಪ ಆರಿಸಿ, ತೆಳುವಾದ ಬೆಳಕನ್ನು ಓರೆಯಾಗಿ ಕಣ್ಣಿನೊಳಕ್ಕೆ ಬಿಡುತ್ತಾರೆ. ಹೆಂಚಿನ ಮನೆಯ ಗಾಜಿನ ಹೆಂಚಿನಿಂದ ಇಳಿದ ಬಿಸಿಲುಕೋಲಿನಲ್ಲಿ ಧೂಳು ತೇಲುವುದು ಕಾಣುವಂತೆ, ಕಾರ್ನಿಯಾ ಮತ್ತು ಐರಿಸ್ ನಡುವಿನ ತಿಳಿನೀರಿನಲ್ಲಿ ಬಿಳಿ ರಕ್ತಕಣಗಳು ತೇಲುವುದು ಆಗ ಕಾಣುತ್ತದೆ. ಆರೋಗ್ಯವಂತ ಕಣ್ಣಿನಲ್ಲಿ ಅಲ್ಲಿ ಏನೂ ಇರಬಾರದು. ವೈದ್ಯರು ಆ ಕಣಗಳನ್ನು ಎಣಿಸುತ್ತಾರೆ, ನಿಜವಾಗಿಯೇ ಎಣಿಸುತ್ತಾರೆ. ಒಂದು ಮಿಲಿಮೀಟರ್ ಉದ್ದ, ಒಂದು ಮಿಲಿಮೀಟರ್ ಅಗಲದ ಬೆಳಕಿನಲ್ಲಿ 6ರಿಂದ 15 ಕಣಗಳಿದ್ದರೆ ಒಂದು ಪ್ಲಸ್, 16ರಿಂದ 25 ಇದ್ದರೆ ಎರಡು, 50 ದಾಟಿದರೆ ನಾಲ್ಕು. 2005ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಲೋಕದ ಎಲ್ಲೆಡೆ ಇದೇ ಅಳತೆ. ಚೀಟಿಯಲ್ಲಿ ಗೀಚಿದ ಆ ಪ್ಲಸ್ ಗುರುತು ರೋಗಿಗೆ ಅರ್ಥವಾಗದಿದ್ದರೂ ಚಿಕಿತ್ಸೆಯ ಲೆಕ್ಕವೆಲ್ಲ ಅದರ ಮೇಲೆ. ‘ಕೆಂಪು ಹೋಯ್ತು’ ಎಂದು ಹನಿ ನಿಲ್ಲಿಸಿದವರ ಕಣ್ಣಿನಲ್ಲಿ ಎರಡು ಪ್ಲಸ್ ಉಳಿದಿರಬಹುದು. ಹನಿಯನ್ನು ಗಂಟೆಗೊಮ್ಮೆಯಿಂದ ಶುರು ಮಾಡಿ ವಾರವಾರ ಇಳಿಸುತ್ತಾ ಬರಬೇಕು. ಅರ್ಧಕ್ಕೆ ಬಿಟ್ಟರೆ ಉರಿಯೂತ ಹೆಚ್ಚಿದ ಬಲದಿಂದ ತಿರುಗಿ ಬರಬಹುದು.

ಇಷ್ಟನ್ನು ಒಳ್ಳೆಯ ಕಣ್ಣಿನ ಡಾಕ್ಟರು ಯಾರಾದರೂ ಮಾಡಬಲ್ಲರು. ಉರಿಯೂತದ ತಜ್ಞರ ಕೆಲಸ ಇಲ್ಲಿಂದ ಮುಂದಕ್ಕೆ. ಅವರ ಪ್ರಶ್ನೆಗಳು ರೋಗಿಗೆ ವಿಚಿತ್ರ ಅನ್ನಿಸುತ್ತವೆ. ಬೆಳಿಗ್ಗೆ ಎದ್ದಾಗ ಸೊಂಟ ಹಿಡಿದುಕೊಳ್ಳುತ್ತದೆಯೇ? ಬಾಯಲ್ಲಿ ಹುಣ್ಣಾಗುತ್ತದೆಯೇ? ಕಿವಿಯಲ್ಲಿ ಗುಂಯ್‌ಗುಡುತ್ತದೆಯೇ, ಹುಬ್ಬಿನ ಕೂದಲು ಬೆಳ್ಳಗಾಗಿದೆಯೇ? ಮನೆಯಲ್ಲಿ ಯಾರಿಗಾದರೂ ಟಿ.ಬಿ. ಇತ್ತೇ? ಬೆಕ್ಕು ಸಾಕಿದ್ದೀರಾ? ಕಣ್ಣು ತೋರಿಸಲು ಬಂದವರಿಗೆ ಸೊಂಟದ ವಿಚಾರ ಯಾಕೆ ಎನ್ನಿಸುವುದು ಸಹಜ. ಸೊಂಟ ಹಿಡಿಯುವ ಯುವಕನಿಗೆ ಬೆನ್ನುಮೂಳೆಯ ಸಂಧಿವಾತವಿದ್ದು ಅದೇ ಕಣ್ಣಿಗೂ ಬಂದಿರಬಹುದು. ಕಿವಿ, ಹುಬ್ಬು ಸೇರಿದರೆ ಮೈಯ ಬಣ್ಣದ ಕೋಶಗಳ ಮೇಲೆ ಎರಗುವ ವೋಗ್ಟ್-ಕೊಯಾನಗಿ-ಹರಾಡ ಎಂಬ ಕಾಯಿಲೆಯ ಅನುಮಾನ. ಟಿ.ಬಿ. ನಮ್ಮ ದೇಶದಲ್ಲಿ ಯಾವಾಗಲೂ ಪಟ್ಟಿಯ ಮೇಲಿರುತ್ತದೆ. ಕಣ್ಣಿನ ಟಿ.ಬಿ.ಯಲ್ಲಿ ಕ್ರಿಮಿ ಕೈಗೆ ಸಿಗುವುದು ಅಪರೂಪ. ಎದೆಯ ಚಿತ್ರ, ಚರ್ಮದ ಅಥವಾ ರಕ್ತದ ಪರೀಕ್ಷೆ, ರೆಟಿನಾದ ಮೇಲಿನ ಕಲೆಗಳ ಆಕಾರ, ಇವನ್ನೆಲ್ಲ ಜೋಡಿಸಿ ಅಂದಾಜಿನ ಮೇಲೆ ತಿಂಗಳುಗಟ್ಟಲೆ ಔಷಧ ಕೊಡುವ ಧೈರ್ಯ ಬೇಕು. ಆ ಔಷಧಗಳಲ್ಲಿ ಒಂದಾದ ಎಥಾಂಬ್ಯುಟಾಲ್ ಕಣ್ಣಿನ ನರಕ್ಕೇ ತೊಂದರೆ ಮಾಡಬಲ್ಲದು ಎಂಬುದು ಬೇರೆ.

ಆಮೇಲೆ ಬರುತ್ತದೆ ನಮ್ಮ ಕಡೆಯ ಮುಖ್ಯ ಪ್ರಶ್ನೆ: ಈಚೆಗೆ ಜ್ವರ ಬಂದಿತ್ತೇ?

2006ರಲ್ಲಿ ಚಿಕೂನ್‌ಗುನ್ಯ ಕರ್ನಾಟಕವನ್ನು ನೆಲ ಹಿಡಿಸಿದಾಗ ಎಲ್ಲರೂ ಕೀಲುನೋವಿನ ಮಾತಾಡಿದರು. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಪದ್ಮಮಾಲಿನಿ ಮಹೇಂದ್ರದಾಸ್ ಮತ್ತು ಸಂಗಡಿಗರು ಜ್ವರ ಬಿಟ್ಟ ಮೇಲೆ ಕಣ್ಣು ಮಂಜಾಗಿ ಬಂದವರನ್ನು ಗಮನಿಸಿದರು. ಅವರು 2008ರಲ್ಲಿ ಪ್ರಕಟಿಸಿದಂಥ ವರದಿಗಳಿಂದ ಚಿಕೂನ್‌ಗುನ್ಯ ಕಣ್ಣಿನ ಮುಂಭಾಗಕ್ಕೂ ರೆಟಿನಾಕ್ಕೂ ಬರುತ್ತದೆ ಎಂಬುದು ಹೊರಗಿನ ಲೋಕಕ್ಕೂ ತಿಳಿಯಿತು. ಅದಕ್ಕೂ ಮೊದಲಿನದು ಮದುರೆಯ ಕಥೆ. 1993ರ ಪ್ರವಾಹದ ನಂತರ ಅರವಿಂದ ಕಣ್ಣಿನ ಆಸ್ಪತ್ರೆಗೆ ಉರಿಯೂತದ ರೋಗಿಗಳು ಸಾಲುಗಟ್ಟಿದರು. ಡಾ. ಎಸ್.ಆರ್. ರತಿನಂ ಮತ್ತವರ ತಂಡ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಇಲಿಜ್ವರ. ಅವರು 1997ರಲ್ಲಿ ಬರೆದ ವರದಿಯಲ್ಲಿ 73 ರೋಗಿಗಳಿದ್ದಾರೆ. ಇಲಿಜ್ವರ ಗೊತ್ತಿಲ್ಲದ ಮಲೆನಾಡಿಗನಿಲ್ಲ. ಕೆಸರು ಗದ್ದೆಯಲ್ಲಿ ಬರಿಗಾಲಲ್ಲಿ ನಿಲ್ಲುವವರ ಕಾಯಿಲೆ ಅದು. ಜ್ವರ ಬಿಟ್ಟು ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ ಕಣ್ಣಿಗೆ ಬರುತ್ತದೆ. ಅಷ್ಟು ಹೊತ್ತಿಗೆ ನಾಟಿಯ ಜ್ವರ ಯಾರಿಗೆ ನೆನಪಿರುತ್ತದೆ?

ದಕ್ಷಿಣದ ಕಣ್ಣಿನ ವೈದ್ಯರು ಈಗ ‘ಜ್ವರಾನಂತರದ ರೆಟಿನಾ ಉರಿಯೂತ’ ಎಂಬ ಒಂದು ಗುಂಪನ್ನೇ ಗುರುತಿಸುತ್ತಾರೆ. ಜ್ವರ ಬಿಟ್ಟು ಎರಡರಿಂದ ನಾಲ್ಕು ವಾರಕ್ಕೆ ದೃಷ್ಟಿ ತಟ್ಟನೆ ಇಳಿಯುತ್ತದೆ, ರೆಟಿನಾದ ಮೇಲೆ ಬಿಳಿ ಮಚ್ಚೆಗಳು ಕಾಣುತ್ತವೆ. ಹಿಂದಿನ ಜ್ವರ ಡೆಂಗಿ ಆಗಿರಬಹುದು, ಚಿಕೂನ್‌ಗುನ್ಯ ಆಗಿರಬಹುದು, ಉಣುಗು ಅಥವಾ ಚಿಗಟದಂಥ ಕೀಟಗಳಿಂದ ಬರುವ ರಿಕೆಟ್ಸಿಯಾ ಜ್ವರವೂ ಆಗಿರಬಹುದು. ಬಹಳ ಮಂದಿಗೆ ನೋಟ ಹಿಂತಿರುಗುತ್ತದೆ. ಸ್ಟೀರಾಯ್ಡ್ ಎಷ್ಟು, ಯಾವಾಗ ಎಂಬುದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಆದರೆ ರಿಕೆಟ್ಸಿಯಾ ಎಂದು ಹೊಳೆದರೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ಕೈಯಲ್ಲೇ ಇದೆ. ಹೊಳೆಯಬೇಕಷ್ಟೆ. ಹೊಳೆಯಬೇಕಾದರೆ ಜ್ವರದ ಚೀಟಿ ಮೇಜಿನ ಮೇಲಿರಬೇಕು.

ನನ್ನ ತಕರಾರು ಇಲ್ಲಿದೆ. ಸೊರಬ, ಸಾಗರ, ಶಿಕಾರಿಪುರದ ಕಡೆ ಜ್ವರದ ಲೆಕ್ಕ ಇಡುವಷ್ಟು ಶ್ರದ್ಧೆಯಿಂದ ಬೇರೆ ಕಡೆ ಇಡುತ್ತಾರೋ ಇಲ್ಲವೋ. ಸತ್ತ ಮಂಗ ಎಲ್ಲಿ ಬಿತ್ತು ಎಂಬುದಕ್ಕೂ ದಾಖಲೆಯಿದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಕಾಯಿಲೆ ಕಾಡಿದ ಮೇಲೆ ಆಶಾ ಕಾರ್ಯಕರ್ತೆಯರು ಕಾಯಿಲೆ ತರುವ ಉಣುಗು ಹತ್ತದಿರಲೆಂದು ಮೈಗೆ ಹಚ್ಚುವ ಎಣ್ಣೆ ಹಿಡಿದು ಮನೆಮನೆ ಸುತ್ತಿದ್ದನ್ನು ಜನ ಮರೆತಿಲ್ಲ. ಆದರೆ ಜ್ವರದ ಪುಸ್ತಕವೂ ಕಣ್ಣಿನ ಪುಸ್ತಕವೂ ಎಲ್ಲೂ ಸಂಧಿಸುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಜ್ವರ ಬರೆದವರು ಕಣ್ಣು ಕೇಳುವುದಿಲ್ಲ, ತಿಂಗಳ ನಂತರ ಕಣ್ಣು ನೋಡಿದವರಿಗೆ ಜ್ವರದ ಸುದ್ದಿ ಗೊತ್ತಿರುವುದಿಲ್ಲ. ನಡುವೆ ಸಿಕ್ಕಿಕೊಂಡ ರೋಗಿ ಎರಡನ್ನೂ ಬೇರೆ ಬೇರೆ ದುರದೃಷ್ಟ ಎಂದುಕೊಳ್ಳುತ್ತಾನೆ.

ಇನ್ನೊಂದು ಅಡ್ಡಿ ನಮ್ಮ ರೂಢಿಯಲ್ಲಿದೆ. ಕರ್ನಾಟಕದಲ್ಲಿ ಕಣ್ಣಿನ ಚಿಕಿತ್ಸೆ ಎಂದರೆ ಶಿಬಿರ. ಡಾ. ಎಂ.ಸಿ. ಮೋದಿಯವರು ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿ ಗಿನ್ನೆಸ್ ದಾಖಲೆಗೆ ಸೇರಿದವರು. ಅವರು ಊರೂರು ತಿರುಗಿ ಲಕ್ಷಾಂತರ ಜನಕ್ಕೆ ಬೆಳಕು ಕೊಟ್ಟ ಮೇಲೆ ಹಳ್ಳಿಯ ಶಾಲೆಯ ಅಂಗಳವೇ ಆಸ್ಪತ್ರೆಯಾಯಿತು. ದೊಡ್ಡ ಪುಣ್ಯದ ಕೆಲಸ. ಅದರ ಗುಂಗಿನಲ್ಲಿ ಕಣ್ಣಿನ ಕಾಯಿಲೆ ಎಂದರೆ ಒಂದು ಸಲ ಆಪರೇಷನ್, ಹಸಿರು ಪಟ್ಟಿ, ಕನ್ನಡಕ, ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಯುವಿಯೈಟಿಸ್ ಹಾಗಲ್ಲ. ಅದು ಬಿ.ಪಿ., ಸಕ್ಕರೆ ಕಾಯಿಲೆಗಳ ಜಾತಿಯದು, ವರ್ಷಗಟ್ಟಲೆ ಕಾಯಬೇಕು. ಶಿಬಿರದವರಿಗೂ ಒಂದು ಮಾತು: ಉರಿಯೂತ ತಣಿಯದ ಕಣ್ಣಿನ ಪೊರೆ ತೆಗೆದರೆ ಕಣ್ಣು ಕೆಡುವುದೇ ಹೆಚ್ಚು. ಸಾಮಾನ್ಯವಾಗಿ ಮೂರು ತಿಂಗಳಾದರೂ ಕಣ್ಣು ಶಾಂತವಾಗಿದ್ದ ಮೇಲೆ ಕತ್ತರಿ ಹಾಕುವುದು ತಜ್ಞರ ಪದ್ಧತಿ.

ವರ್ಷಗಟ್ಟಲೆ ಎಂದ ಮೇಲೆ ಮದ್ದಿನ ಮಾತು. ಹನಿಯಿಂದ ಬಗ್ಗದ್ದಕ್ಕೆ ಸ್ಟೀರಾಯ್ಡ್ ಮಾತ್ರೆ. ಅದು ಬೇಗ ಕೆಲಸ ಮಾಡುತ್ತದೆ, ಬೇಗ ಕೆಡಿಸಲೂ ತೊಡಗುತ್ತದೆ: ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಸವೆಯುವುದು. ಹಾಗಾಗಿ ಅದನ್ನು ಇಳಿಸಲು ಬೇರೆ ಮಾತ್ರೆಗಳ ಆಸರೆ. ಅವುಗಳಲ್ಲಿ ಹಳೆಯದು, ಅಗ್ಗದ್ದು ಮೆಥೊಟ್ರೆಕ್ಸೇಟ್. ಹೊಸದು, ದುಬಾರಿಯದು ಮೈಕೊಫಿನೊಲೇಟ್. ಅರವಿಂದ ಆಸ್ಪತ್ರೆಯ ರೋಗಿಗಳೂ ಪಾಲ್ಗೊಂಡ ಒಂದು ಅಂತರರಾಷ್ಟ್ರೀಯ ಪ್ರಯೋಗದಲ್ಲಿ 216 ಮಂದಿಯ ಮೇಲೆ ಎರಡನ್ನೂ ತೂಗಿ ನೋಡಿದರು. 2019ರಲ್ಲಿ ಬಂದ ಫಲಿತಾಂಶದಂತೆ ಮೆಥೊಟ್ರೆಕ್ಸೇಟ್ ಶೇ 66.7 ಮಂದಿಗೆ ಫಲ ಕೊಟ್ಟಿತು, ಮೈಕೊಫಿನೊಲೇಟ್ ಶೇ 57.1 ಮಂದಿಗೆ. ಅಂತರ ನಿರ್ಣಾಯಕವಲ್ಲ, ಆದರೆ ದುಬಾರಿಯದೇ ಮೇಲು ಎಂಬ ನಂಬಿಕೆ ಬಿತ್ತು. ಬಡ ರೋಗಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಈ ಕ್ಷೇತ್ರದಲ್ಲಿ ನಾನು ಓದಿಲ್ಲ. ಮುಖ್ಯ ಎಚ್ಚರಿಕೆ: ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದು ದಿನ ಮಾತ್ರ ನುಂಗುವ ಮದ್ದು. ದಿನವೂ ನುಂಗಿದರೆ ಜೀವಕ್ಕೇ ಅಪಾಯ. ಗರ್ಭಿಣಿಯರಿಗೆ ಕೂಡದು, ಮದ್ಯ ಕೂಡದು, ಆಗಾಗ ರಕ್ತಪರೀಕ್ಷೆ ಬೇಕು.

ಇದಕ್ಕೂ ಬಗ್ಗದಿದ್ದರೆ ಅಡಲಿಮುಮ್ಯಾಬ್ ಎಂಬ ಚುಚ್ಚುಮದ್ದು, ಎರಡು ವಾರಕ್ಕೊಮ್ಮೆ. ಅಮೆರಿಕದಲ್ಲಿ 2016ರಲ್ಲಿ ಸೋಂಕಿಲ್ಲದ ಯುವಿಯೈಟಿಸ್‌ಗೆ ಒಪ್ಪಿಗೆ ಸಿಕ್ಕಿತು. ಅಹಮದಾಬಾದಿನ ಝೈಡಸ್ ಕಂಪನಿ 2014ರಲ್ಲೇ ಅದರ ಅಗ್ಗದ ರೂಪವನ್ನು ನಮ್ಮ ಮಾರುಕಟ್ಟೆಗೆ ಬಿಟ್ಟಿತ್ತು. ಅಗ್ಗ ಎಂದರೂ ಅಡಿಕೆ ಧಾರಣೆ ಚೆನ್ನಾಗಿದ್ದ ವರ್ಷಕ್ಕೇ ಭಾರ. ಅಡಗಿದ ಟಿ.ಬಿ.ಯನ್ನು ಅದು ಎಬ್ಬಿಸಬಲ್ಲದು, ಆದ್ದರಿಂದ ಮೊದಲು ಆ ಪರೀಕ್ಷೆ ಕಡ್ಡಾಯ. ಫ್ರಿಜ್ಜಿನಲ್ಲೇ ಇಡಬೇಕು. ಆಷಾಢದ ಮಳೆಗೆ ಮೂರು ದಿನ ಕರೆಂಟಿಲ್ಲದ ಊರಿನಲ್ಲಿ ಅದೂ ಒಂದು ಚಿಂತೆ.

ತಜ್ಞರು ಎಲ್ಲಿದ್ದಾರೆ? ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿ ಮೊದಲ ಬಾಗಿಲು. ಅವರಿಗೆ ಕೆಂಪಿನ ಬಗೆ ನೋಡಿ ಮುಂದೆ ಕಳಿಸುವ ತಿಳಿವಿರುತ್ತದೆ. ಶಿವಮೊಗ್ಗದಲ್ಲಿ ಸರ್ಕಾರಿ ಮೆಗ್ಗಾನ್ ಆಸ್ಪತ್ರೆ, ತೀರ್ಥಹಳ್ಳಿ ರಸ್ತೆಯಲ್ಲಿ ಶಂಕರ ಕಣ್ಣಿನ ಆಸ್ಪತ್ರೆ ಇವೆ. ಕಣ್ಣು ಅರಳಿಸಿ ರೆಟಿನಾ ನೋಡುವ, ಒತ್ತಡ ಅಳೆಯುವ ಕೆಲಸ ಅಲ್ಲೇ ಆಗುತ್ತದೆ. ಉರಿಯೂತಕ್ಕೆಂದೇ ಪ್ರತ್ಯೇಕ ವಿಭಾಗ ಬೇಕಾದರೆ ಬೆಂಗಳೂರು. 1896ರಲ್ಲಿ ಶುರುವಾದ ಮಿಂಟೊ ಸರ್ಕಾರಿ ಆಸ್ಪತ್ರೆ ಇದೆ, 1982ರಲ್ಲಿ ಡಾ. ಭುಜಂಗ ಶೆಟ್ಟಿ ಕಟ್ಟಿದ ನಾರಾಯಣ ನೇತ್ರಾಲಯದಲ್ಲಿ ಯುವಿಯೈಟಿಸ್ ವಿಭಾಗವಿದೆ. ತಾಳಗುಪ್ಪದಿಂದ ಹೊರಡುವ ರಾತ್ರಿ ರೈಲನ್ನು ಸಾಗರದಲ್ಲಿ ಹತ್ತಿದರೆ ಬೆಳಗಿಗೆ ಬೆಂಗಳೂರು. ಹೋಗುವುದು ಕಷ್ಟವಲ್ಲ. ವರ್ಷಕ್ಕೆ ಎಂಟು ಹತ್ತು ಸಲ, ಕಣ್ಣಿಗೆ ಹನಿ ಹಾಕಿದ ಮೇಲೆ ಕೈ ಹಿಡಿದು ಕರೆತರಲು ಇನ್ನೊಬ್ಬರನ್ನು ಜೊತೆ ಮಾಡಿಕೊಂಡು, ಎರಡೆರಡು ದಿನದ ಕೂಲಿ ಬಿಟ್ಟು ಹೋಗುವುದು ಕಷ್ಟ. ಈ ಕಾಯಿಲೆ ಹೆಚ್ಚಾಗಿ ಹಿಡಿಯುವುದು ದುಡಿಯುವ ವಯಸ್ಸಿನವರನ್ನೇ.

ಹಾಗಾಗಿ ಎಲ್ಲ ಭೇಟಿಗೂ ಬೆಂಗಳೂರಿನ ತಜ್ಞರೇ ಬೇಕೆಂದಿಲ್ಲ ಎಂಬುದು ನನ್ನ ತೀರ್ಮಾನ. ಕಾರಣ ಹುಡುಕುವುದು, ಮದ್ದಿನ ಯೋಜನೆ ಹಾಕುವುದು ಅವರ ಕೆಲಸ. ಕಣ ಎಣಿಸುವುದು, ಒತ್ತಡ ನೋಡುವುದು, ರಕ್ತಪರೀಕ್ಷೆ ಇವು ಶಿವಮೊಗ್ಗದಲ್ಲೇ ಆಗಬೇಕು. ಅದಕ್ಕೆ ತಜ್ಞರಿಂದ ಸ್ಥಳೀಯ ವೈದ್ಯರ ಹೆಸರಿಗೆ ಒಂದು ಪತ್ರ ಕೇಳಿ ಪಡೆಯುವುದು ರೋಗಿಯ ಹಕ್ಕು. ಕೇಳಲು ನಾವೇ ಅಳುಕುತ್ತೇವೆ.

ಮೊದಲ ಸಲ ಹೋಗುವವರು ಹಳೆಯ ಚೀಟಿಗಳನ್ನೆಲ್ಲ, ಹಾಕಿಕೊಂಡ ಹನಿಗಳ ಖಾಲಿ ಬಾಟಲಿಗಳನ್ನೂ ಒಯ್ಯಿರಿ. ಎದೆಯ ಎಕ್ಸ್-ರೇ ಇದ್ದರೆ ಇರಲಿ. ಕಳೆದ ಆರು ತಿಂಗಳಲ್ಲಿ ಬಂದ ಜ್ವರಗಳನ್ನು ತಾರೀಖು ಸಮೇತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಗದ್ದೆ, ತೋಟ, ಕಾಡಿನ ಕೆಲಸವನ್ನೂ ಅದರಲ್ಲೇ ಸೇರಿಸಿ. ನಂದಿಬಟ್ಟಲು ರಸ ಹಾಕಿದ್ದರೆ ಅದನ್ನೂ ಹೇಳಿ, ಬೈದರೆ ಬೈಸಿಕೊಳ್ಳಿ.

ಆರೋಗ್ಯ ಇಲಾಖೆಗೆ ಇರುವ ಬೇಡಿಕೆ ದೊಡ್ಡದೇನಲ್ಲ. ಮಂಗನ ಕಾಯಿಲೆ, ಇಲಿಜ್ವರ, ಡೆಂಗಿ, ಚಿಕೂನ್‌ಗುನ್ಯ ಎಂದು ದೃಢಪಟ್ಟ ಪ್ರತಿಯೊಬ್ಬರನ್ನೂ ಮೂರನೇ ವಾರದಲ್ಲಿ ಆಶಾ ಕಾರ್ಯಕರ್ತೆ ಒಮ್ಮೆ ಕೇಳಲಿ: ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಎರಡೂ ಸಮನಾಗಿ ಕಾಣುತ್ತದೆಯೇ? ಇಲ್ಲ ಎಂದವರನ್ನು ಅದೇ ವಾರ ನೇತ್ರಾಧಿಕಾರಿಯ ಬಳಿ ಕಳಿಸಲಿ, ಜ್ವರದ ಚೀಟಿಯ ಸಮೇತ. ಇಲಾಖೆ ಕೇಳದಿದ್ದರೆ ಓದುಗರು ತಮ್ಮ ಮನೆಯವರನ್ನಾದರೂ ಕೇಳಿ.